ಮುಂಬೈ ಟ್ರಿಪ್‌ನಲ್ಲಿ ಒಂದು ರಾತ್ರಿಯ ದುಬಾರಿ ಊಟ: ರೆಸ್ಟೋರೆಂಟ್ ಆರಿಸುವುದು ಹೇಗೆ?

ಮೂರು ದಿನದ ಮುಂಬೈ ಟ್ರಿಪ್. ಮದುವೆಯ ವಾರ್ಷಿಕೋತ್ಸವವೋ, ಮಗಳಿಗೆ ಕೆಲಸ ಸಿಕ್ಕ ಖುಷಿಯೋ, ಒಂದು ರಾತ್ರಿ ಮಾತ್ರ ಜೋರಾಗಿ ಊಟ ಮಾಡೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಫೋನ್ ತೆಗೆದು 'ಮುಂಬೈ ಬೆಸ್ಟ್ ಫೈನ್ ಡೈನಿಂಗ್' ಅಂತ ಹುಡುಕಿದರೆ ಸಾಲುಸಾಲಾಗಿ ಹೆಸರು ಬರುತ್ತವೆ. ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಎಲ್ಲ ಫೋಟೋದಲ್ಲೂ ದೊಡ್ಡ ತಟ್ಟೆ, ಅದರ ಮಧ್ಯೆ ಚಿಕ್ಕ ತುತ್ತು. ಯಾವುದನ್ನು ಆರಿಸುವುದು?

ಹೆಚ್ಚಿನವರು ಹೆಸರಿನಿಂದ ಶುರು ಮಾಡುತ್ತಾರೆ. ಹೆಸರು ಮೊದಲು, ಉಳಿದದ್ದು ಆಮೇಲೆ. ನನ್ನ ಪ್ರಕಾರ ಇದು ಉಲ್ಟಾ. ಜೊತೆಗೆ ಯಾರು ಕೂರುತ್ತಾರೆ, ಏನು ತಿನ್ನುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಆ ಸಂಜೆ ನೀವು ಊರಿನ ಯಾವ ಮೂಲೆಯಲ್ಲಿ ಇರುತ್ತೀರಿ, ಇವು ಮೊದಲು ಗೊತ್ತಾಗಬೇಕು. ಆಗ ಉದ್ದನೆಯ ಪಟ್ಟಿ ತಾನಾಗಿಯೇ ನಾಲ್ಕೈದು ಹೆಸರಿಗೆ ಇಳಿಯುತ್ತದೆ. ಅಲ್ಲಿಂದ ಆಚೆ ಆರಿಸುವುದು ಸುಲಭ.

1. ಮೇಜಿನ ಸುತ್ತ ಯಾರಿರುತ್ತಾರೆ ನೋಡಿ

ಒಂದು ಚೀಟಿಯಲ್ಲಿ ಬರುವವರ ಹೆಸರು ಬರೆಯಿರಿ. ಒಬ್ಬೊಬ್ಬರ ಎದುರು ಮೂರು ವಿಷಯ ಬರೆದರೆ ಸಾಕು: ಏನು ತಿನ್ನುವುದಿಲ್ಲ, ಎಷ್ಟು ಗಂಟೆಗೆ ಊಟ ಬೇಕು, ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರುತ್ತಾರೆ.

ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಎಂಟು ಗಂಟೆಗೆ ಊಟ ಆಗಬೇಕು ಅಂದುಕೊಳ್ಳಿ. ಒಂಬತ್ತೂವರೆಯ ಟೇಬಲ್ ಬುಕ್ ಮಾಡಿದರೆ ಮೊದಲ ತಟ್ಟೆ ಬರುವಾಗ ಹತ್ತು ಗಂಟೆ ಹತ್ತಿರವಾಗಿರುತ್ತದೆ. ಬಂದ ತಟ್ಟೆಯಲ್ಲಿ ಇರುವುದೂ ಎರಡು ತುತ್ತು. ಅವರು ಮರ್ಯಾದೆಗೆ ಸುಮ್ಮನಿರಬಹುದು, ಆದರೆ ಒಳಗೊಳಗೇ ಸಂಕಟ. ಆರು ವರ್ಷದ ಮಗು ಮೂರು ಗಂಟೆ ಒಂದೇ ಕಡೆ ಕೂರುವುದಿಲ್ಲ, ಕೂರಿಸುವುದು ನ್ಯಾಯವೂ ಅಲ್ಲ. ಚಿಕ್ಕ ಮಕ್ಕಳನ್ನು ರಾತ್ರಿ ಹೊತ್ತು ಒಳಗೇ ಬಿಡದ ರೆಸ್ಟೋರೆಂಟುಗಳೂ ಇವೆ. ಅದನ್ನು ಬುಕ್ ಮಾಡುವಾಗಲೇ ಕೇಳಬೇಕು, ಬಾಗಿಲಲ್ಲಿ ಅಲ್ಲ.

ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಇನ್ನೆರಡು ಪ್ರಶ್ನೆ: ಮೆಟ್ಟಿಲು ಎಷ್ಟು? ಕುರ್ಚಿ ಸಾಮಾನ್ಯ ಎತ್ತರದ್ದೋ, ಕಾಲು ನೇತಾಡುವ ಬಾರ್ ಸ್ಟೂಲೋ? ಈಗಿನ ಹೊಸ ಜಾಗಗಳಲ್ಲಿ ಅಡುಗೆಮನೆಗೆ ಎದುರಾಗಿ ಕೂರುವ ಕೌಂಟರ್ ಸೀಟು ಫ್ಯಾಷನ್ ಆಗಿದೆ. ಇಬ್ಬರೇ ಹೋದರೆ ಅದು ಬಲು ಸೊಗಸು, ಶೆಫ್ ಕೈಚಳಕ ನೋಡುತ್ತಾ ತಿನ್ನಬಹುದು. ಆರು ಜನ ಸಾಲಾಗಿ ಕೂತರೆ ಮಾತ್ರ ಈ ತುದಿಯವರ ಮಾತು ಆ ತುದಿಗೆ ಕೇಳಿಸುವುದಿಲ್ಲ.

2. ಎಂಥ ಊಟ ಬೇಕು ಅಂತ ಮೊದಲೇ ತೀರ್ಮಾನಿಸಿ

ಮುಂಬೈನಲ್ಲಿ 'ಫೈನ್ ಡೈನಿಂಗ್' ಅನ್ನುವ ಒಂದೇ ಹೆಸರಿನಡಿ ಬೇರೆ ಬೇರೆ ಥರದ ಜಾಗಗಳಿವೆ. ಇವನ್ನು ಬೆರೆಸಿಕೊಂಡಾಗಲೇ ನಿರಾಸೆ ಆಗುವುದು.

ಒಂದು, ಟೇಸ್ಟಿಂಗ್ ಮೆನು ಜಾಗಗಳು. ಇಲ್ಲಿ ನೀವು ಏನನ್ನೂ ಆರ್ಡರ್ ಮಾಡುವುದಿಲ್ಲ. ಮದುವೆ ಮನೆಯ ಎಲೆಯ ಮುಂದೆ ಕೂತ ಹಾಗೆ, ಬಡಿಸಿದ್ದೇ ಊಟ. ಒಂದೊಂದೇ ತಟ್ಟೆ ಬರುತ್ತದೆ, ಹತ್ತು ಹನ್ನೆರಡು ಸಲ. ಪ್ರತಿ ಸಲ ಯಾರಾದರೂ ಬಂದು ಇದು ಎಲ್ಲಿಯ ಅಕ್ಕಿ, ಯಾವ ಊರಿನ ಸೊಪ್ಪು ಅಂತ ವಿವರಿಸುತ್ತಾರೆ. ಮಹಾಲಕ್ಷ್ಮಿಯ ಲಕ್ಷ್ಮಿ ವುಲನ್ ಮಿಲ್ ಆವರಣದಲ್ಲಿ 2016ರಲ್ಲಿ ಶುರುವಾದ ಮಾಸ್ಕ್ ಈ ಬಗೆಯ ಊಟಕ್ಕೆ ಊರಲ್ಲಿ ಹೆಸರುವಾಸಿ. ಬಾಂದ್ರಾದಲ್ಲಿ ವೆರೋನಿಕಾಸ್ ಅನ್ನುವ ಸ್ಯಾಂಡ್‌ವಿಚ್ ಅಂಗಡಿಯ ಮೇಲಿರುವ ಪಾಪಾಸ್‌ನಲ್ಲಿ ಇರುವುದೇ 12 ಸೀಟು. ಫೋರ್ಟ್‌ನ ಕಿತಾಬ್ ಮಹಲ್ ಕಟ್ಟಡದ ಎಕಾ ಕೂಡ ಟೇಸ್ಟಿಂಗ್ ಮೆನುವಿಗೆ ಹೆಸರಾದದ್ದು. ಕುತೂಹಲ ಇರುವವರಿಗೆ ಇವು ಹಬ್ಬ. 'ನಂಗೆ ಸ್ವಲ್ಪ ಅನ್ನ ಸಾರು ಸಿಗುತ್ತಾ' ಅನ್ನುವವರಿಗೆ ಖಂಡಿತ ಅಲ್ಲ.

ಇನ್ನೊಂದು, ಮೆನು ನೋಡಿ ಬೇಕಾದ್ದು ತರಿಸುವ ಹೊಸ ಕಾಲದ ರೆಸ್ಟೋರೆಂಟ್. ಲೋವರ್ ಪರೇಲ್‌ನ ಕಮಲಾ ಮಿಲ್ಸ್‌ನಲ್ಲಿ 2015ರಲ್ಲಿ ತೆರೆದ ದಿ ಬಾಂಬೆ ಕ್ಯಾಂಟೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಶೆಫ್ ಫ್ಲಾಯ್ಡ್ ಕಾರ್ಡೋಜ್ 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಭಾರತದ ಮೂಲೆಮೂಲೆಯ ಅಡುಗೆಗೆ ಹೊಸ ಅಂಗಿ ತೊಡಿಸುವುದು ಇಲ್ಲಿಯ ರೀತಿ. ನಾಲ್ಕೈದು ಜನ ಹೋಗಿ ತಟ್ಟೆಗಳನ್ನು ಮಧ್ಯೆ ಇಟ್ಟುಕೊಂಡು ಹಂಚಿಕೊಳ್ಳುವ ಜಾಗ. ಗದ್ದಲ ಇರುತ್ತದೆ. ಕಿವಿ ಸ್ವಲ್ಪ ಮಂದ ಇರುವ ಅಜ್ಜಿಗೆ ಕಷ್ಟ. ಮೊದಲ ಸಲ ಇಂಥ ಊಟಕ್ಕೆ ಹೋಗುವ ಕುಟುಂಬಕ್ಕೆ ನಾನು ಕಣ್ಣು ಮುಚ್ಚಿ ಹೇಳುವುದು ಈ ಬಗೆಯನ್ನೇ. ಒಂದು ತಟ್ಟೆ ಹಿಡಿಸದಿದ್ದರೆ ಇನ್ನೊಂದು ತರಿಸಬಹುದು. ಟೇಸ್ಟಿಂಗ್ ಮೆನುವಿನಲ್ಲಿ ಆ ಸ್ವಾತಂತ್ರ್ಯ ಇಲ್ಲ.

ಮೂರನೆಯದು, ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟ್. ಗೇಟ್‌ವೇ ಆಫ್ ಇಂಡಿಯಾ ಎದುರಿನ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್ ಶುರುವಾದದ್ದು 1903ರಲ್ಲಿ. ಅದರೊಳಗಿನ ಗೋಲ್ಡನ್ ಡ್ರ್ಯಾಗನ್ 1973ರಿಂದ ಚೀನಾದ ಸಿಚುವಾನ್ ಅಡುಗೆ ಬಡಿಸುತ್ತಿದೆ. ಜಪಾನಿ ಊಟದ ವಸಾಬಿ 2004ರಲ್ಲಿ ಬಂತು. ಇಲ್ಲಿ ಹೊಸತನಕ್ಕಿಂತ ಉಪಚಾರ ಜಾಸ್ತಿ. ಕುರ್ಚಿ ಮೆತ್ತಗೆ, ದನಿ ಮೆಲ್ಲಗೆ, ಲಿಫ್ಟ್ ಇದೆ, ವೀಲ್‌ಚೇರ್ ಸಿಗುತ್ತದೆ. ಅಪ್ಪ ಅಮ್ಮನಿಗೆ 'ತಾಜ್‌ನಲ್ಲಿ ಊಟ ಮಾಡಿ ಬಂದೆವು' ಅನ್ನುವುದರಲ್ಲಿ ಇರುವ ಸಂತೋಷವೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಅದನ್ನು ಹಗುರವಾಗಿ ಕಾಣಬೇಡಿ. ಆಹಾರ ವಿಮರ್ಶಕರು ಏನೇ ಹೇಳಲಿ, ಊಟ ಅವರದ್ದಲ್ಲ, ನಿಮ್ಮದು.

ಇವಲ್ಲದೆ, ಜಗಜಗಿಸುವ ಅಲಂಕಾರ ಇಲ್ಲದೆಯೂ ಊರಿಗೆ ಊರೇ ಕೊಂಡಾಡುವ ಹಳೆಯ ಜಾಗಗಳಿವೆ. ಕಾಲಾ ಘೋಡಾದ ತೃಷ್ಣಾ, ಅದರ ಬೆಣ್ಣೆ ಬೆಳ್ಳುಳ್ಳಿ ಏಡಿ. ಫೋರ್ಟ್‌ನ ಮಹೇಶ್ ಲಂಚ್ ಹೋಮ್, ಅಲ್ಲಿಯ ಮಂಗಳೂರು ಗಸಿ. ಬಯಲುಸೀಮೆಯವರಿಗೆ ಇವು ಚೆನ್ನ. ಕರಾವಳಿಯವರಾದರೆ, ಮನೆಯಲ್ಲಿ ವಾರಕ್ಕೆರಡು ಸಲ ತಿನ್ನುವ ಗಸಿಯನ್ನು ಮುಂಬೈಗೆ ಹೋಗಿ ಹತ್ತು ಪಟ್ಟು ದುಡ್ಡು ಕೊಟ್ಟು ಯಾಕೆ ತಿನ್ನಬೇಕು? ಏಡಿ ತಿನ್ನಿ, ಇಲ್ಲಾ ಬೇರೆ ಕಡೆ ಹೋಗಿ. ಇರುವುದು ಒಂದೇ ರಾತ್ರಿ. ಮನೆಯಲ್ಲೂ ಬೆಂಗಳೂರಲ್ಲೂ ಸಿಗದ್ದನ್ನು ಆರಿಸಿ.

3. ಸಸ್ಯಾಹಾರ, ಬೆಳ್ಳುಳ್ಳಿ, ಮೀನು

ಸಸ್ಯಾಹಾರಿಗಳಿಗೆ ಮುಂಬೈಯಷ್ಟು ಸುಲಭದ ಮಹಾನಗರ ಕಡಿಮೆ. ಗುಜರಾತಿ, ಜೈನ, ಮಾರವಾಡಿ ಗಿರಾಕಿಗಳು ಇಲ್ಲಿಯ ಹೋಟೆಲ್ ಉದ್ಯಮವನ್ನೇ ತಿದ್ದಿದ್ದಾರೆ. ಒಳ್ಳೆಯ ಟೇಸ್ಟಿಂಗ್ ಮೆನು ಜಾಗಗಳಲ್ಲಿ ಸಸ್ಯಾಹಾರಕ್ಕೆ ಪ್ರತ್ಯೇಕ ಸರಣಿಯೇ ಇರುತ್ತದೆ. ಪೂರ್ತಿ ಸಸ್ಯಾಹಾರಿ ಜಾಗವೇ ಬೇಕು ಅಂದರೆ ಅವತಾರ ಇದೆ. ದುಬೈನ ಅವತಾರಕ್ಕೆ 2023ರಲ್ಲಿ ಮಿಷೆಲಿನ್ ಸ್ಟಾರ್ ಸಿಕ್ಕಿತು (ರೆಸ್ಟೋರೆಂಟುಗಳಿಗೆ ಸಿಗುವ ಹೆಸರಾಂತ ಮನ್ನಣೆ, ಇದರ ವಿಷಯ ಮುಂದೆ ಬರುತ್ತದೆ). ಅದರ ಮುಂಬೈ ಶಾಖೆ ಸಾಂತಾಕ್ರೂಜ್ ಪಶ್ಚಿಮದಲ್ಲಿ ತೆರೆಯಿತು. ಈರುಳ್ಳಿ, ಬೆಳ್ಳುಳ್ಳಿ, ಪನೀರ್ ಇಲ್ಲದೆ ಇಡೀ ಊಟ ಕಟ್ಟುವುದು ಅವರ ಹೆಗ್ಗಳಿಕೆ.

ಆದರೂ ಒಂದು ವಿಷಯ ಗಮನಿಸಿ. 'ಈ ತಟ್ಟೆ ವೆಜ್' ಅನ್ನುವುದಕ್ಕೂ 'ಇದರ ಸಾಸ್, ಸ್ಟಾಕ್ (ತರಕಾರಿಯೋ ಮೂಳೆಯೋ ಬೇಯಿಸಿ ತೆಗೆದ ರಸ) ಎಲ್ಲ ವೆಜ್' ಅನ್ನುವುದಕ್ಕೂ ವ್ಯತ್ಯಾಸ ಇದೆ. ಜಪಾನಿ ಸೂಪಿನ ದಾಶಿಯಲ್ಲಿ ಒಣಮೀನು ಇರುತ್ತದೆ. ಥಾಯ್ ಕರಿಯಲ್ಲಿ ಫಿಶ್ ಸಾಸ್, ಚೀನೀ ಅಡುಗೆಯಲ್ಲಿ ಸಮುದ್ರದ ಚಿಪ್ಪುಜೀವಿಯ ಆಯ್‌ಸ್ಟರ್ ಸಾಸ್, ಕೆಲವು ಸಿಹಿಗಳಲ್ಲಿ ಪ್ರಾಣಿಯ ಮೂಳೆ ಚರ್ಮದಿಂದ ತೆಗೆದ ಜೆಲಾಟಿನ್. ಅಸಲಿ ಪಾರ್ಮಿಜಾನ್ ಚೀಸ್ ಮಾಡುವುದು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿ. ಇವನ್ನೆಲ್ಲ ಹೆಸರು ಹಿಡಿದು ಕೇಳಿ. 'ಪ್ಯೂರ್ ವೆಜ್' ಅಂತಷ್ಟೇ ಹೇಳಿದರೆ ಸಾಲದು.

ಬೆಳ್ಳುಳ್ಳಿ ಈರುಳ್ಳಿ ತಿನ್ನದ ಮನೆಯವರಿಗೆ ಮುಂಬೈನಲ್ಲಿ ಒಂದೇ ಶಬ್ದ ಸಾಕು: ಜೈನ್. ಅಂದ ಕೂಡಲೇ ಅಡುಗೆಮನೆಗೆ ಅರ್ಥ ಆಗುತ್ತದೆ. ಆದರೆ ಜೈನ್ ಅಂದರೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್‌ನಂಥ ನೆಲದಡಿಯ ತರಕಾರಿಗಳೂ ಹೋಗುತ್ತವೆ. ನಿಮಗೆ ಅವು ನಡೆಯುತ್ತವೆ ಅಂತಾದರೆ 'ಈರುಳ್ಳಿ ಬೆಳ್ಳುಳ್ಳಿ ಮಾತ್ರ ಬೇಡ' ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಅರ್ಧ ಮೆನು ಸುಮ್ನೆ ಕಳೆದುಕೊಳ್ಳುತ್ತೀರಿ. ಇದನ್ನು ಬುಕಿಂಗ್ ಹೊತ್ತಿಗೇ ತಿಳಿಸಬೇಕು. ಟೇಸ್ಟಿಂಗ್ ಮೆನುವಿನ ತಯಾರಿ ಹಿಂದಿನ ದಿನವೇ ಶುರುವಾಗಿರುತ್ತದೆ. ಕೂತ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಿಮಗೆ ಸಿಗುವುದೂ ಅರೆಬರೆ.

ಮೀನು ತಿನ್ನುವವರು ತಿಂಗಳು ನೋಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಇರುವ ನಿಯಮವೇ ಅಲ್ಲೂ. ಆ ಎರಡು ತಿಂಗಳು ಮೆನುವಿನಲ್ಲಿ ಪಾಂಫ್ರೆಟ್ ಇದ್ದರೂ ಅದು ಹೆಚ್ಚಾಗಿ ಫ್ರೀಜರ್‌ನದ್ದು ಅಥವಾ ಬೇರೆ ತೀರದಿಂದ ಬಂದದ್ದು. ಮಳೆಗಾಲದಲ್ಲಿ ಹೋಗುವುದಾದರೆ ಸೀಫುಡ್ ಜಾಗಕ್ಕೆ ದೊಡ್ಡ ದುಡ್ಡು ಸುರಿಯುವುದು ಬೇಡ ಅನ್ನುವುದು ನನ್ನ ಮಾತು. ಏಡಿಗೆ ಮನಸ್ಸಾದರೆ ಜೀವಂತ ಏಡಿಯನ್ನು ಮೊದಲು ತಂದು ತೋರಿಸಲು ಹೇಳಿ, ತೂಕವನ್ನೂ ದರವನ್ನೂ ಆಗಲೇ ಕೇಳಿ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ 'ಮಾರುಕಟ್ಟೆ ದರ' ಅಂತ ಇದ್ದರೆ ಕೇಳದೆ ಆರ್ಡರ್ ಮಾಡಲೇಬೇಡಿ.

4. ಊರಿನ ನಕ್ಷೆ ಮುಂದಿಟ್ಟುಕೊಳ್ಳಿ

ಮುಂಬೈ ಉತ್ತರ ದಕ್ಷಿಣಕ್ಕೆ ಉದ್ದಕ್ಕೆ ಚಾಚಿದ ಊರು. ಇದನ್ನು ಮರೆತು ಬುಕ್ ಮಾಡಿದವರು ಊಟಕ್ಕಿಂತ ಜಾಸ್ತಿ ಹೊತ್ತು ಟ್ಯಾಕ್ಸಿಯಲ್ಲಿ ಕಳೆಯುತ್ತಾರೆ.

ಗೇಟ್‌ವೇ, ಮ್ಯೂಸಿಯಂ, ಮರೀನ್ ಡ್ರೈವ್ ನೋಡುವ ದಿನ ಊಟವೂ ಆ ಕಡೆಯೇ ಇರಲಿ: ಕೊಲಾಬಾ, ಫೋರ್ಟ್, ಕಾಲಾ ಘೋಡಾ, ನಾರಿಮನ್ ಪಾಯಿಂಟ್. ಸಿದ್ಧಿವಿನಾಯಕ, ಮಹಾಲಕ್ಷ್ಮಿ ದೇವಸ್ಥಾನ, ಹಾಜಿ ಅಲಿ ನೋಡುವ ದಿನ ಲೋವರ್ ಪರೇಲ್ ಮತ್ತು ಮಹಾಲಕ್ಷ್ಮಿಯ ಜಾಗಗಳು ಹತ್ತಿರ. ಈ ಭಾಗದ ರೆಸ್ಟೋರೆಂಟುಗಳ ವಿಳಾಸದಲ್ಲಿ ಪದೇ ಪದೇ 'ಮಿಲ್ಸ್' ಅಂತ ಕಾಣುತ್ತದೆ. ಒಂದು ಕಾಲಕ್ಕೆ ಇವೆಲ್ಲ ನಿಜವಾದ ಗಿರಣಿಗಳು. 1982ರ ದೊಡ್ಡ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದವು, ಈಗ ಆ ಆವರಣಗಳಲ್ಲಿ ಆಫೀಸು, ಬಾರು, ರೆಸ್ಟೋರೆಂಟು. ಒಳಗೆ ಹೊಕ್ಕ ಮೇಲೆ ಬಾಗಿಲು ಹುಡುಕುವುದೇ ಒಂದು ಕೆಲಸ. ಹತ್ತು ನಿಮಿಷ ಮೊದಲೇ ತಲುಪಿ. ವಿಮಾನ ನಿಲ್ದಾಣದ ಹತ್ತಿರ ಉಳಿದುಕೊಂಡಿದ್ದರೆ ಬಾಂದ್ರಾ, ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ಜುಹು ಕಡೆ ನೋಡಿ.

ಆಟೋದ ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಬಾಂದ್ರಾ ಮತ್ತು ಸಯಾನ್‌ಗಿಂತ ದಕ್ಷಿಣಕ್ಕೆ ಆಟೋರಿಕ್ಷಾ ಓಡುವುದಿಲ್ಲ. ಅಲ್ಲಿಂದಾಚೆ ಟ್ಯಾಕ್ಸಿ, ಬಸ್ಸು, ರೈಲು ಮಾತ್ರ. 2025ರ ಅಕ್ಟೋಬರ್‌ನಿಂದ ನೆಲದಡಿಯ ಮೆಟ್ರೊ 3 ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣ, ಬಿಕೆಸಿ, ವರ್ಲಿ, ಮಹಾಲಕ್ಷ್ಮಿ, ಹುತಾತ್ಮಾ ಚೌಕ್, ಕಫ್ ಪರೇಡ್ ಎಲ್ಲ ಒಂದೇ ಗೆರೆಯಲ್ಲಿ ಇವೆ. ಸಂಜೆಯ ಟ್ರಾಫಿಕ್‌ನಲ್ಲಿ ಊಟಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬರುವಾಗ ಮಾತ್ರ ಟ್ಯಾಕ್ಸಿ ಇಟ್ಟುಕೊಳ್ಳಿ, ಮೂರು ಗಂಟೆಯ ಊಟ ಮುಗಿಯುವಾಗ ಮೆಟ್ರೊ ಮುಗಿದಿರುತ್ತದೆ. ಜುಲೈ ತಿಂಗಳಾದರೆ ಜೋರು ಮಳೆ ಬಂದ ದಿನ ಊಟದ ಜಾಗಕ್ಕೆ ತಲುಪುವುದೇ ಅನುಮಾನ. ಉಳಿದುಕೊಂಡ ಜಾಗದಿಂದ ನಡೆದು ಹೋಗುವಷ್ಟು ಹತ್ತಿರದ್ದನ್ನೇ ಆರಿಸಿ.

5. ಈಗ ಹೆಸರುಗಳನ್ನು ಜರಡಿ ಹಿಡಿಯಿರಿ

ಇಷ್ಟಾದ ಮೇಲೆ ಉಳಿದ ನಾಲ್ಕೈದು ಹೆಸರುಗಳನ್ನು ಪರೀಕ್ಷಿಸುವ ಹೊತ್ತು.

ಮಿಷೆಲಿನ್ ಗೈಡ್‌ನ ರೆಸ್ಟೋರೆಂಟ್ ಪಟ್ಟಿ ಭಾರತಕ್ಕೆ ಬಂದೇ ಇಲ್ಲ. ಫ್ರಾನ್ಸಿನ ಟಯರ್ ಕಂಪನಿಯೊಂದು 1900ರಲ್ಲಿ ಶುರು ಮಾಡಿದ ಆ ಪುಸ್ತಕ 1926ರಿಂದ ಸ್ಟಾರ್ ಕೊಡುತ್ತಿದೆ. ಕೊಡುವುದು ರೆಸ್ಟೋರೆಂಟಿಗೆ, ಶೆಫ್‌ಗಲ್ಲ. ಹಾಗಾಗಿ ಮುಂಬೈನ ಯಾವುದೇ ಜಾಹೀರಾತಿನಲ್ಲಿ 'ಮಿಷೆಲಿನ್ ಸ್ಟಾರ್ ಶೆಫ್' ಅಂತ ಕಂಡರೆ, ಆ ಸ್ಟಾರ್ ಲಂಡನ್‌ನಲ್ಲೋ ದುಬೈನಲ್ಲೋ ಇರುವ ಇನ್ನೊಂದು ಜಾಗದ್ದು ಅಂತ ತಿಳಿಯಿರಿ. ಆ ಶೆಫ್ ನಿಮ್ಮ ಊಟದ ದಿನ ಮುಂಬೈನಲ್ಲೇ ಇರುತ್ತಾರೆ ಅಂತಲೂ ಅಲ್ಲ.

ನಮ್ಮ ಕಡೆಗೆ ಹೆಚ್ಚು ಅನ್ವಯಿಸುವುದು 2013ರಿಂದ ಬರುತ್ತಿರುವ 'ಏಷ್ಯಾದ 50 ಅತ್ಯುತ್ತಮ ರೆಸ್ಟೋರೆಂಟುಗಳು' ಪಟ್ಟಿ. 2023ರಲ್ಲಿ ಮಾಸ್ಕ್ ಅದರಲ್ಲಿ 16ನೇ ಸ್ಥಾನದಲ್ಲಿತ್ತು, ಭಾರತದ ರೆಸ್ಟೋರೆಂಟುಗಳಲ್ಲಿ ಮೊದಲನೆಯದು. ಇಂಥ ಪಟ್ಟಿಯಲ್ಲಿ ಇರುವ ಜಾಗ ಕೆಟ್ಟದಿರುವ ಸಾಧ್ಯತೆ ಕಡಿಮೆ. ಆದರೆ ಮತ ಹಾಕುವವರು ಶೆಫ್‌ಗಳು, ಆಹಾರ ಬರಹಗಾರರು, ತಿನ್ನುವುದಕ್ಕೇ ದೇಶ ಸುತ್ತುವವರು. ಅವರಿಗೆ ಬೇಕಿರುವುದು ಅಚ್ಚರಿ. ನಿಮ್ಮ ಅತ್ತೆಗೆ ಬೇಕಿರುವುದು ಬಿಸಿ ಊಟ ಆಗಿರಬಹುದು.

ಶೆಫ್ ಬದಲಾಗಿದ್ದಾರೆಯೇ ನೋಡಿ. ಮಾಸ್ಕ್‌ಗೆ ಹೆಸರು ತಂದವರಲ್ಲಿ ಒಬ್ಬರಾದ ಪ್ರತೀಕ್ ಸಾಧು 2022ರಲ್ಲಿ ಅಲ್ಲಿಂದ ಹೊರಟು ಆಮೇಲೆ ಹಿಮಾಚಲದ ಕಸೌಲಿ ಹತ್ತಿರ ನಾರ್ ಅನ್ನುವ ರೆಸ್ಟೋರೆಂಟ್ ತೆರೆದರು. ಮಾಸ್ಕ್‌ನ ಅಡುಗೆಮನೆ ವರುಣ್ ತೋತ್ಲಾನಿ ಕೈಗೆ ಬಂತು, ಜಾಗ ಬಾಡಲಿಲ್ಲ. ಎಲ್ಲ ಕಡೆ ಹಾಗಾಗುವುದಿಲ್ಲ. ಮೂರು ವರ್ಷ ಹಳೆಯ ಹೊಗಳಿಕೆ ಓದಿ ಹೋದರೆ, ಅದು ಹೊಗಳಿದ ಕೈ ಈಗ ಬೇರೆ ಊರಲ್ಲಿ ಅಡುಗೆ ಮಾಡುತ್ತಿರಬಹುದು.

ಆನ್‌ಲೈನ್ ವಿಮರ್ಶೆ ಓದುವುದಕ್ಕೂ ಒಂದು ಕ್ರಮ ಇದೆ. ಹೊಸದು ಮೊದಲು ಬರುವ ಹಾಗೆ ಜೋಡಿಸಿ. ವೇಟರ್ ಹೆಸರು ಹೇಳಿ ಐದು ಸ್ಟಾರ್ ಕೊಟ್ಟ ಎರಡು ಸಾಲಿನ ವಿಮರ್ಶೆಗಳನ್ನು ದಾಟಿ ಮುಂದೆ ಹೋಗಿ. ಬಿಲ್ ಕೊಡುವ ಮುಂಚೆ 'ಸರ್, ನನ್ನ ಹೆಸರು ಹಾಕಿ ಒಂದು ರಿವ್ಯೂ' ಅಂತ ಕೇಳಿ ಬರೆಸಿದವು ಅವು. ಒಂದು ಸ್ಟಾರ್‌ನವೂ ಬೇಡ, ಅಲ್ಲಿ ಪಾರ್ಕಿಂಗ್ ಜಗಳ ಜಾಸ್ತಿ. ಮೂರು ನಾಲ್ಕು ಸ್ಟಾರ್ ಕೊಟ್ಟು ಉದ್ದಕ್ಕೆ ಬರೆದವರನ್ನು ಓದಿ. ನಿಮಗೆ ಬೇಕಾದ ವಿಷಯ ಅಲ್ಲಿರುತ್ತದೆ: ಎರಡು ತಟ್ಟೆಗಳ ಮಧ್ಯೆ ಎಷ್ಟು ಹೊತ್ತು ಕಾದರು, ಹೊಟ್ಟೆ ತುಂಬಿತೋ ಇಲ್ಲವೋ, ವೆಜ್ ಊಟಕ್ಕೆ ಅಷ್ಟೇ ಕಾಳಜಿ ಇತ್ತೋ. ಗ್ರಾಹಕರೇ ಹಾಕಿದ ಫೋಟೋಗಳಲ್ಲಿ ಮೆನು ಮತ್ತು ಬಿಲ್‌ನ ಫೋಟೋ ಹುಡುಕಿ. ಹತ್ತು ವಿಮರ್ಶೆಗಿಂತ ಒಂದು ಬಿಲ್‌ನ ಫೋಟೋ ಮೇಲು. ಇನ್‌ಸ್ಟಾಗ್ರಾಂ ರೀಲ್‌ಗಳನ್ನು ಒಳಾಂಗಣ ಹೇಗಿದೆ ಅಂತ ನೋಡಲು ಮಾತ್ರ ಬಳಸಿ. ಅವುಗಳಲ್ಲಿ ಹಲವು ಕರೆಸಿ ಉಣಿಸಿದವರು ಮಾಡಿದ್ದು.

6. ದುಡ್ಡಿನ ಲೆಕ್ಕ ಕಾಗದದ ಮೇಲೆ ಹಾಕಿ

ಮೆನುವಿನ ಬೆಲೆ ಬೇರೆ, ಕೊಡುವ ಬೆಲೆ ಬೇರೆ. ಮುಂಬೈನ ಹೆಸರಾಂತ ಟೇಸ್ಟಿಂಗ್ ಮೆನುಗಳು ಒಬ್ಬರಿಗೆ ಐದು ಸಾವಿರ ದಾಟಿವೆ. ಲೆಕ್ಕಕ್ಕೆ ಒಬ್ಬರಿಗೆ 6,000 ಅಂತ ಇಟ್ಟುಕೊಳ್ಳೋಣ. ಇಬ್ಬರಿಗೆ 12,000.

ಹೋಟೆಲಿಗೆ ಸೇರದ ಸ್ವತಂತ್ರ ರೆಸ್ಟೋರೆಂಟಿನಲ್ಲಿ ಇದರ ಮೇಲೆ ಶೇಕಡ 5 ಜಿಎಸ್‌ಟಿ, ಅಂದರೆ 12,600. ಅದೇ ಬೆಲೆಯ ಊಟ ದೊಡ್ಡ ಹೋಟೆಲಿನ ಒಳಗಾದರೆ ಶೇಕಡ 18, ಒಟ್ಟು 14,160. ತೆರಿಗೆಯ ವ್ಯತ್ಯಾಸವೇ 1,560 ರೂಪಾಯಿ. ಹೋಟೆಲಿನ ಕೋಣೆ ಬಾಡಿಗೆ ಹಿಂದಿನ ಹಣಕಾಸು ವರ್ಷದಲ್ಲಿ ದಿನಕ್ಕೆ 7,500 ದಾಟಿದ್ದರೆ ಅದರ ಒಳಗಿನ ಊಟಕ್ಕೆ ಈ ಹೆಚ್ಚಿನ ದರ. ನೀವು ಅಲ್ಲಿ ಉಳಿದುಕೊಳ್ಳದೆ ಬರೀ ಊಟಕ್ಕೆ ಹೋದರೂ ಅಷ್ಟೇ.

ಇನ್ನು ಸರ್ವಿಸ್ ಚಾರ್ಜ್. ಶೇಕಡ 10 ಅಂದರೆ 1,200 ರೂಪಾಯಿ, ಅದರ ಮೇಲೆಯೂ ಜಿಎಸ್‌ಟಿ ಹಾಕುತ್ತಾರೆ. ಹಾಗೆ ಹೋಟೆಲಿನ ಬಿಲ್ 15,576ಕ್ಕೆ ಏರುತ್ತದೆ. ಈ ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಇದನ್ನು ಬಿಲ್‌ಗೆ ತಾನಾಗಿ ಸೇರಿಸಬಾರದು ಅಂತ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡ ಅಂದರೆ ಮೆಲ್ಲಗೆ 'ಇದನ್ನು ತೆಗೆದುಬಿಡಿ' ಅನ್ನಿ, ಕಾರಣ ಹೇಳಬೇಕಿಲ್ಲ. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಉಪಚಾರ ನಿಜಕ್ಕೂ ಚೆನ್ನಾಗಿತ್ತು ಅನ್ನಿಸಿದರೆ ಬಡಿಸಿದವರ ಕೈಗೆ ಟಿಪ್ಸ್ ಕೊಡುವುದು ನನಗೆ ಸರಿ ಕಾಣುತ್ತದೆ. ಸರ್ವಿಸ್ ಚಾರ್ಜೂ ಕೊಟ್ಟು ಟಿಪ್ಸೂ ಕೊಡುವ ಅಗತ್ಯ ಇಲ್ಲ.

ಬಿಲ್ ಉಬ್ಬುವುದು ಊಟದಿಂದ ಅಲ್ಲ, ಕುಡಿಯುವುದರಿಂದ. ಕೂತ ಕೂಡಲೇ 'ಸ್ಟಿಲ್ ಆರ್ ಸ್ಪಾರ್ಕ್ಲಿಂಗ್' ಅಂತ ಕೇಳುತ್ತಾರೆ. ಸಾದಾ ನೀರೋ, ಗುಳ್ಳೆ ಬರುವ ಸೋಡಾದಂಥ ನೀರೋ ಅಂತ ಅರ್ಥ, ಎರಡೂ ದುಡ್ಡಿನ ಬಾಟಲಿ. ಮೂರನೇ ಉತ್ತರವೂ ಇದೆ: 'ರೆಗ್ಯುಲರ್ ವಾಟರ್'. ಹೀಗೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಟೇಸ್ಟಿಂಗ್ ಮೆನು ಜೊತೆ ವೈನ್ ಪೇರಿಂಗ್ (ತಟ್ಟೆಗೆ ತಕ್ಕ ಹಾಗೆ ಬೇರೆ ಬೇರೆ ವೈನ್) ತಗೊಂಡರೆ ಊಟದಷ್ಟೇ ದುಡ್ಡು ಇನ್ನೊಮ್ಮೆ ಆಗಬಹುದು. ಒಬ್ಬರಿಗೆ ತರಿಸಿ ಇಬ್ಬರೂ ರುಚಿ ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ. ಮದ್ಯದ ಮೇಲೆ ಜಿಎಸ್‌ಟಿ ಅಲ್ಲ, ರಾಜ್ಯದ ವ್ಯಾಟ್, ಅದು ಬಿಲ್‌ನಲ್ಲಿ ಬೇರೆ ಸಾಲು. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿ ರಮ್ಮಿನಂಥದಕ್ಕೆ 25 ವರ್ಷ ಆಗಿರಬೇಕು. ಮಗನ ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಕಾಕ್‌ಟೇಲ್ ಕೊಡಿಸುವ ಯೋಚನೆ ಇದ್ದರೆ ಇದನ್ನು ನೆನಪಿಡಿ. ಅಕ್ಟೋಬರ್ 2ರಂಥ ಡ್ರೈ ಡೇಗಳಲ್ಲಿ ಯಾರಿಗೂ ಸಿಗುವುದಿಲ್ಲ.

ದುಡ್ಡು ಉಳಿಸುವ ದಾರಿ ಒಂದಿದೆ: ಮಧ್ಯಾಹ್ನ ಹೋಗಿ. ಹಲವು ಕಡೆ ವಾರದ ದಿನಗಳಲ್ಲಿ ಲಂಚ್‌ಗೆ ಚಿಕ್ಕ ಸೆಟ್ ಮೆನು ಇರುತ್ತದೆ. ಅಡುಗೆಮನೆ ಅದೇ, ಶೆಫ್ ಅವರೇ, ಬೆಲೆ ಕಡಿಮೆ. ಹಿರಿಯರಿಗೂ ಮಕ್ಕಳಿಗೂ ಹೊತ್ತು ಒಗ್ಗುತ್ತದೆ.

7. ಬುಕಿಂಗ್

ಶುಕ್ರವಾರ, ಶನಿವಾರ ರಾತ್ರಿಯ ಟೇಬಲ್‌ಗೆ ರೈಲು ಟಿಕೆಟ್ ಮಾಡಿಸಿದ ದಿನವೇ ಪ್ರಯತ್ನಿಸಿ. ಸೀಟು ಕಡಿಮೆ ಇರುವ ಜಾಗಗಳು ಇಂಥ ದಿನದಿಂದ ಬುಕಿಂಗ್ ಅಂತ ಮೊದಲೇ ತಿಳಿಸುತ್ತವೆ. ಟೇಸ್ಟಿಂಗ್ ಮೆನು ಜಾಗಗಳಲ್ಲಿ ಮುಂಗಡ ಕಟ್ಟಬೇಕಾಗುವುದು ಸಾಮಾನ್ಯ. ಕಟ್ಟುವ ಮೊದಲು ಓದಬೇಕಾದ ಸಾಲು ಒಂದೇ: ಎಷ್ಟು ಗಂಟೆ ಮುಂಚೆ ರದ್ದು ಮಾಡಿದರೆ ದುಡ್ಡು ವಾಪಸ್?

ಆನ್‌ಲೈನ್ ಬುಕ್ ಮಾಡಿದ ಮೇಲೂ ಒಮ್ಮೆ ಫೋನ್ ಮಾಡಿ. ಕೇಳಬೇಕಾದವು:

- ರಾತ್ರಿ ಎರಡು ಸರದಿ ಇದೆಯೇ? ನಮ್ಮ ಟೇಬಲ್ ಎಷ್ಟು ಗಂಟೆಗೆ ಬಿಡಬೇಕು?
- ಊಟ ಒಟ್ಟು ಎಷ್ಟು ಹೊತ್ತು?
- ವೆಜ್, ಜೈನ್, ಅಲರ್ಜಿ ವಿಷಯ ಬುಕಿಂಗ್‌ನಲ್ಲಿ ಬರೆದುಕೊಂಡಿರಾ? ಓದಿ ಹೇಳಿ.
- ಸರ್ವಿಸ್ ಚಾರ್ಜ್ ಇದೆಯೇ?
- ಡ್ರೆಸ್ ಕೋಡ್ ಏನು?

ಫೋನಿನಲ್ಲಿ ಇವಕ್ಕೆ ಬೇಸರದಿಂದ ಉತ್ತರಿಸಿದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ. ಅಷ್ಟು ದುಡ್ಡು ಕೊಡುವ ಜಾಗದಲ್ಲಿ ಉಪಚಾರ ಫೋನಿನಿಂದಲೇ ಶುರುವಾಗಬೇಕು.

ಊಟದ ದಿನ ಬೆಳಿಗ್ಗೆಯೋ ಮಧ್ಯಾಹ್ನವೋ ಗೊತ್ತಿಲ್ಲದ ನಂಬರ್‌ನಿಂದ ಕರೆ ಬರುತ್ತದೆ. ಎತ್ತಿ. ಅದು ಟೇಬಲ್ ಖಚಿತಪಡಿಸುವ ಕರೆ. ಎತ್ತದಿದ್ದರೆ ಟೇಬಲ್ ಬೇರೆಯವರಿಗೆ ಹೋಗಬಹುದು. ರಾತ್ರಿ ತಡವಾದರೂ ಅಷ್ಟೇ, ಸಾಮಾನ್ಯವಾಗಿ ಹದಿನೈದು ನಿಮಿಷ ಕಾಯುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಟ್ಯಾಕ್ಸಿಯಿಂದಲೇ ಒಂದು ಮಾತು ಹೇಳಿ.

8. ಆ ದಿನ

ಬಟ್ಟೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೋಟು ಟೈ ಬೇಕಿಲ್ಲ. ಗಂಡಸರಿಗೆ ಪ್ಯಾಂಟು, ಅಂಗಿ, ಮುಚ್ಚಿದ ಶೂ ಇದ್ದರೆ ಎಲ್ಲ ಕಡೆ ನಡೆಯುತ್ತದೆ. ಚಡ್ಡಿ, ಹವಾಯಿ ಚಪ್ಪಲಿ ಹೋಟೆಲುಗಳಲ್ಲಿ ನಡೆಯುವುದಿಲ್ಲ. ಸೀರೆ, ಸಲ್ವಾರ್ ಎಲ್ಲೂ ತೊಂದರೆ ಇಲ್ಲ. ಪಂಚೆ ಉಡುವ ಹಿರಿಯರು ಜೊತೆಗಿದ್ದರೆ ಫೋನಿನಲ್ಲೇ ಹೇಳಿಬಿಡಿ, ಬಾಗಿಲಲ್ಲಿ ಮುಜುಗರ ಬೇಡ.

ಮಧ್ಯಾಹ್ನ ಹಗುರವಾಗಿ ತಿನ್ನಿ. ಮಾಟುಂಗಾದಲ್ಲಿ 1942ರಿಂದ ಬಾಳೆ ಎಲೆ ಊಟ ಹಾಕುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಹೋಗುವ ಆಸೆ ಇದ್ದೇ ಇರುತ್ತದೆ. ಅದನ್ನು ಬೇರೆ ದಿನಕ್ಕೆ ಇಡಿ. ಅಲ್ಲಿ ಉಂಡು ರಾತ್ರಿ ಹನ್ನೆರಡು ತಟ್ಟೆಗೆ ಕೂತರೆ ಐದನೆಯದಕ್ಕೇ ಕೈ ಎತ್ತುತ್ತೀರಿ.

ಚಾಕು, ಫೋರ್ಕು ಯಾವ ಕ್ರಮದಲ್ಲಿ ಅನ್ನುವ ಭಯವೂ ಬೇಡ. ಹೊರಗಿನದ್ದರಿಂದ ಒಳಕ್ಕೆ ಬಳಸುತ್ತಾ ಬನ್ನಿ. ಗೊತ್ತಾಗದಿದ್ದರೆ 'ಇದನ್ನು ಹೇಗೆ ತಿನ್ನುವುದು' ಅಂತ ಕೇಳಿ, ಹೇಳಿಕೊಡುವುದು ಅವರಿಗೆ ಇಷ್ಟ. ಕೈಯಲ್ಲಿ ತಿನ್ನಿ ಅಂತ ಅವರೇ ಹೇಳುವ ತಟ್ಟೆಗಳೂ ಇರುತ್ತವೆ. ಒಂದು ತಟ್ಟೆ ತಣ್ಣಗಿದ್ದರೆ, ಉಪ್ಪು ಜಾಸ್ತಿ ಆಗಿದ್ದರೆ ಆಗಲೇ ಹೇಳಿ. ಮನೆಗೆ ಬಂದು ಒಂದು ಸ್ಟಾರ್ ಕೊಡುವುದರಿಂದ ನಿಮ್ಮ ಊಟ ಸರಿಹೋಗುವುದಿಲ್ಲ.

ಟೇಬಲ್ ಸಿಗದಿದ್ದರೆ

ವೇಟ್‌ಲಿಸ್ಟ್‌ನಲ್ಲಿ ಹೆಸರು ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದೇ ದಿನದ ಲಂಚ್ ಕೇಳಿ. ಬಾರ್ ಕೌಂಟರ್‌ನಲ್ಲಿ ಪೂರ್ತಿ ಮೆನು ಕೊಡುತ್ತೀರಾ ಅಂತ ಕೇಳಿ, ಕೆಲವು ಕಡೆ ಬುಕಿಂಗ್ ಇಲ್ಲದೆಯೇ ಅಲ್ಲಿ ಕೂರಬಹುದು. ಮಂಗಳವಾರ, ಬುಧವಾರಕ್ಕೆ ಹೊಂದಿಸಲು ಆಗುವುದಾದರೆ ಹೊಂದಿಸಿ. ಸೋಮವಾರ ಮುಚ್ಚಿರುವ ಜಾಗಗಳಿವೆ, ನೋಡಿಕೊಳ್ಳಿ. ಯಾವುದೂ ಆಗದಿದ್ದರೆ ಊಟದ ದಿನವೇ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಫೋನ್ ಮಾಡಿ. ಖಚಿತಪಡಿಸುವ ಕರೆಗಳು ಮುಗಿದು, ಬರದವರ ಟೇಬಲ್‌ಗಳು ಖಾಲಿಯಾಗುವ ಹೊತ್ತು ಅದು. ಇಬ್ಬರಾದರೆ ಸಿಗುವ ಸಾಧ್ಯತೆ ಜಾಸ್ತಿ. ಆರು ಜನರಾದರೆ ಎರಡು ಬೇರೆ ಬೇರೆ ಟೇಬಲ್ ಆದರೂ ಪರವಾಗಿಲ್ಲ ಅಂತ ಮೊದಲೇ ಹೇಳಿಬಿಡಿ.